ಯಾರ ಕಡೆಯಿಂದ ಬಂತು?

ಕೇಳುಗರಿಗೆ ನಮಸ್ಕಾರ.

ಮಗುವಿನ ವರ್ಣತಂತು ಪರೀಕ್ಷೆಯ ವರದಿ ಕೈಗೆ ಬಂದಾಗ ಮನೆಯ ಹಿರಿಯರಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಇದು ಯಾರ ಕಡೆಯಿಂದ ಬಂತು?" ಪ್ರಶ್ನೆ ಡಾಕ್ಟರಿಗೆ, ನೋಟ ಮಾತ್ರ ಮಗುವಿನ ತಾಯಿಯ ಕಡೆಗೆ. ಪ್ರಯೋಗಾಲಯದಲ್ಲಿ ವರ್ಣತಂತು ಎಣಿಸುತ್ತಲೇ ತಲೆ ನೆರೆಸಿಕೊಂಡ ನಾನು ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಟ್ಟಿಲ್ಲ. ಇವತ್ತು ಅದಕ್ಕೇ ಉತ್ತರ ಹೇಳಬೇಕೆಂದಿದ್ದೇನೆ. ಉತ್ತರ ಒಂದೇ ಮಾತಿನದಲ್ಲ, ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದೊಳಗೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಅಡಗಿದೆ. ಕೋಶ ಎರಡಾಗುವ ಹೊತ್ತು ಬಂದಾಗ ಅದು ಬಿಗಿಯಾಗಿ ಸುರುಳಿ ಸುತ್ತಿಕೊಂಡು ಗಿಡ್ಡ ಗಿಡ್ಡ ಕಡ್ಡಿಗಳಂತೆ ಆಗುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಕಾಣುತ್ತದೆ. ಬಣ್ಣ ಹಿಡಿಯುವ ತಂತು, ಹಾಗಾಗಿ ವರ್ಣತಂತು. ಇಂಥವು 46, ಅಂದರೆ 23 ಜೋಡಿ. ಪ್ರತಿ ಜೋಡಿಯಲ್ಲೂ ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು.

ಈ 46 ಎಂಬ ಸಂಖ್ಯೆ ಈಗ ಶಾಲೆಯ ಮಕ್ಕಳಿಗೂ ಬಾಯಿಪಾಠ. ಆದರೆ 1956ರವರೆಗೆ ವಿಜ್ಞಾನಿಗಳೇ ಇದನ್ನು 48 ಎಂದು ನಂಬಿದ್ದರು. 1923ರಲ್ಲಿ ಅಮೆರಿಕದ ಥಿಯೋಫಿಲಸ್ ಪೇಂಟರ್ ಹಾಗೆ ಎಣಿಸಿದ್ದರು. ಆಗಿನ ಸ್ಲೈಡುಗಳಲ್ಲಿ ವರ್ಣತಂತುಗಳು ಒಂದರ ಮೇಲೊಂದು ಬಿದ್ದು ಗೋಜಲಾಗಿರುತ್ತಿದ್ದವು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಹೇಳುವುದೇ ಕಷ್ಟ. ಆಮೇಲೆ ಬಂದವರೂ 48 ಎಂದೇ ಎಣಿಸಿದರು. ಗೋಜಲು ಬಿಡಿಸಿದ್ದು ಒಂದು ಎಡವಟ್ಟು. ಟೆಕ್ಸಸ್‌ನಲ್ಲಿದ್ದ ಟಿ. ಸಿ. ಶೂ ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಯಾರೋ ಉಪ್ಪುನೀರಿನ ದ್ರಾವಣವನ್ನು ಅಳತೆ ತಪ್ಪಿ ತೆಳ್ಳಗೆ ಮಾಡಿಟ್ಟಿದ್ದರು. ಅದರಲ್ಲಿ ಬಿದ್ದ ಕೋಶಗಳು ನೀರು ಕುಡಿದು ಉಬ್ಬಿದವು, ಒಳಗಿನ ವರ್ಣತಂತುಗಳು ಚೆಲ್ಲಾಪಿಲ್ಲಿಯಾಗಿ ದೂರ ದೂರ ಹರಡಿಕೊಂಡವು. 1952ರಲ್ಲಿ ಶೂ ಇದನ್ನು ಪ್ರಕಟಿಸಿದರು. ತಮಾಷೆ ಏನೆಂದರೆ, ಅಷ್ಟು ಸ್ಪಷ್ಟವಾಗಿ ಕಂಡರೂ ಅವರೂ ಎಣಿಸಿದ್ದು 48! ಅವರನ್ನು ನೋಡಿ ನಗಲು ನನಗಂತೂ ಧೈರ್ಯವಿಲ್ಲ. ಲೆಕ್ಕ ಇಷ್ಟೇ ಬರಬೇಕು ಎಂದು ಮೊದಲೇ ಗೊತ್ತಿದ್ದರೆ ಒಂದು ಚೂರನ್ನು ಎರಡೆಂದು ಎಣಿಸುವುದು ಎಷ್ಟು ಸಲೀಸೆಂದು ನನ್ನ ಬೆರಳಿಗೆ ಗೊತ್ತು. ಕೊನೆಗೆ 1955ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಜೋ ಹಿನ್ ಟಿಯೋ ಮತ್ತು ಆಲ್ಬರ್ಟ್ ಲೆವಾನ್ 46 ಎಂದು ಎಣಿಸಿದರು. ಮರುವರ್ಷ ಅಚ್ಚಿನಲ್ಲಿ ಬಂತು. ಟಿಯೋ ಜಾವಾ ದ್ವೀಪದಲ್ಲಿ ಹುಟ್ಟಿದವರು, ಅದುವರೆಗೆ ಹೆಚ್ಚಾಗಿ ಗಿಡಗಳ ವರ್ಣತಂತು ನೋಡುತ್ತಿದ್ದವರು.

ಸರಿಯಾದ ಲೆಕ್ಕ ಸಿಕ್ಕ ಮೇಲೆ ತಾನೇ ತಪ್ಪಿದ ಲೆಕ್ಕ ಕಾಣುವುದು? ಮೂರೇ ವರ್ಷಗಳಲ್ಲಿ ಪ್ಯಾರಿಸ್‌ನಿಂದ ಸುದ್ದಿ ಬಂತು.

1866ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಕೆಲವು ಮಕ್ಕಳ ಮುಖಚಹರೆ, ಬುದ್ಧಿಯ ಬೆಳವಣಿಗೆ ಒಂದೇ ಬಗೆಯಾಗಿರುವುದನ್ನು ಗುರುತಿಸಿ ಬರೆದಿದ್ದರು. ಡೌನ್ ಸಿಂಡ್ರೋಮ್ ಎಂಬ ಹೆಸರು ಅವರಿಂದ. ಅಪ್ಪ ಅಮ್ಮಂದಿರ ಕ್ಷಯವೇ ಇದಕ್ಕೆ ಕಾರಣವಿರಬೇಕೆಂದು ಅವರ ಊಹೆ. ಆಮೇಲೆ ಬಂದವರು ಲೈಂಗಿಕ ರೋಗವನ್ನೂ ಆರೋಪಿಸಿದರು. ಅಂದರೆ 'ಯಾರ ಕಡೆಯಿಂದ' ಎಂಬ ಪ್ರಶ್ನೆಗೆ ಸುಮಾರು 90 ವರ್ಷ ಕಾಲ ಸಿಗುತ್ತಿದ್ದ ಉತ್ತರದಲ್ಲಿ ಕಳಂಕದ ವಾಸನೆಯಿತ್ತು.

ಪ್ಯಾರಿಸ್‌ನ ಮಕ್ಕಳ ಆಸ್ಪತ್ರೆಯಲ್ಲಿ ರೇಮೊಂ ಟುರ್ಪಾಂ ಎಂಬ ಹಿರಿಯ ಪ್ರಾಧ್ಯಾಪಕರ ಕೈಕೆಳಗೆ ಮಾರ್ತ್ ಗೋಟಿಯೇ ಎಂಬ ಯುವವೈದ್ಯೆ ಇದ್ದರು. ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವ ವಿದ್ಯೆಯನ್ನು ಅಮೆರಿಕದಲ್ಲಿ ಕಲಿತು ಬಂದಿದ್ದರು. ಸಂಸ್ಥೆಯಿಂದ ಹಣವಿಲ್ಲ. ಸಾಲ ಮಾಡಿ ಗಾಜಿನ ಸಾಮಾನು ಕೊಂಡರು. ಕೋಶಗಳಿಗೆ ಉಣಿಸಲು ಮನುಷ್ಯರ ರಕ್ತದ ಸೀರಂ ಬೇಕಿತ್ತು. ತಮ್ಮದೇ ರಕ್ತ ತೆಗೆದುಕೊಂಡರು. 1958ರಲ್ಲಿ ಡೌನ್ ಸಿಂಡ್ರೋಮ್ ಇದ್ದ ಮಗುವಿನ ಕೋಶಗಳಲ್ಲಿ 47 ವರ್ಣತಂತು ಕಂಡವು. ಫೋಟೋ ತೆಗೆಯುವಂಥ ಸೂಕ್ಷ್ಮದರ್ಶಕ ಅವರಲ್ಲಿರಲಿಲ್ಲ. ಸಹೋದ್ಯೋಗಿ ಜೆರೋಮ್ ಲೆಜೂನ್ ಫೋಟೋ ತೆಗೆಸಿಕೊಂಡು ಬರುತ್ತೇನೆಂದು ಸ್ಲೈಡುಗಳನ್ನು ಒಯ್ದರು. 1959ರ ಜನವರಿಯಲ್ಲಿ ಪ್ರಬಂಧ ಹೊರಬಂದಾಗ ಮೊದಲ ಹೆಸರು ಲೆಜೂನರದು. ಗೋಟಿಯೇ ಎರಡನೆಯವರು, ಅದೂ ಹೆಸರು ತಪ್ಪಾಗಿ ಅಚ್ಚಾಗಿತ್ತು. ಹಲವು ದಶಕ ಅವರು ಇದನ್ನು ಬಹಿರಂಗವಾಗಿ ಎತ್ತಲಿಲ್ಲ. 2014ರಲ್ಲಿ ಫ್ರಾನ್ಸಿನ ವೈದ್ಯಕೀಯ ಸಂಶೋಧನಾ ಸಂಸ್ಥೆ ಇನ್ಸರ್ಮ್‌ನ ನೀತಿ ಸಮಿತಿ ಅವರ ಪಾಲು ದೊಡ್ಡದೆಂದು ಒಪ್ಪಿಕೊಂಡಿತು. ಆಗ ಅವರಿಗೆ 89 ತುಂಬುತ್ತಿತ್ತು. ಆ ಶೋಧದಲ್ಲಿ ಲೆಜೂನರಿಗೆ ಪಾಲೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಸ್ವಂತ ರಕ್ತ ಬಸಿದವರ ಹೆಸರು ಎರಡನೆಯದಾಗಿದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಹೆಚ್ಚಿಗೆ ಇದ್ದದ್ದು 21ನೇ ವರ್ಣತಂತು. ಎರಡಿರಬೇಕಾದ ಕಡೆ ಮೂರು. ಇದು ಹೇಗಾಗುತ್ತದೆ? ಅಂಡಾಣುವೋ ವೀರ್ಯಾಣುವೋ ತಯಾರಾಗುವಾಗ ಜೋಡಿಗಳು ಬಿಡಿಸಿಕೊಂಡು ಆಚೆಗೊಂದು ಈಚೆಗೊಂದು ಹೋಗಬೇಕು. ಕೆಲವೊಮ್ಮೆ ಎರಡೂ ಒಂದೇ ಕಡೆ ಹೋಗಿಬಿಡುತ್ತವೆ. ಹೆಚ್ಚಿನ ಸಲ ಇದು ಅಂಡಾಣುವಿನಲ್ಲೇ ಆಗುತ್ತದೆ, ಅದಕ್ಕೊಂದು ಕಾರಣವಿದೆ. ಹೆಣ್ಣುಮಗುವಿನ ಅಂಡಾಣುಗಳು ಅವಳು ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ವಿಭಜನೆ ಶುರುಮಾಡಿ ಅರ್ಧಕ್ಕೆ ನಿಂತಿರುತ್ತವೆ. ಜೋಡಿಗಳನ್ನು ಹಿಡಿದಿಟ್ಟ ಪ್ರೋಟೀನಿನ ಕಟ್ಟು ಹಾಗೇ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಕಾಯಬೇಕು. ವರ್ಷ ಕಳೆದಂತೆ ಕಟ್ಟು ಸಡಿಲಾಗುತ್ತದೆ. ತಾಯಿಯ ವಯಸ್ಸು 20ರ ಆಸುಪಾಸಿನಲ್ಲಿದ್ದರೆ ಡೌನ್ ಸಿಂಡ್ರೋಮ್ ಸುಮಾರು 1,500ಕ್ಕೆ ಒಂದು ಮಗುವಿಗೆ, 40ರಲ್ಲಿ ಸುಮಾರು 100ಕ್ಕೆ ಒಂದಕ್ಕೆ. ಅವಳು ತಿಂದದ್ದು, ನೋಡಿದ್ದು, ಮಾಡಿದ ಕೆಲಸ ಯಾವುದಕ್ಕೂ ಇದರಲ್ಲಿ ಪಾತ್ರವಿಲ್ಲ. ಮೊದಲ ಮೂರು ತಿಂಗಳಲ್ಲಿ ಗರ್ಭ ನಿಲ್ಲದೆ ಹೋಗುವುದರಲ್ಲೂ ಸುಮಾರು ಅರ್ಧದಷ್ಟಕ್ಕೆ ಇಂಥ ಲೆಕ್ಕತಪ್ಪುವಿಕೆಯೇ ಕಾರಣ.

ಹಾಗಾದರೆ ವಂಶದಿಂದ ಬರುವ ಕಾಯಿಲೆಯೇ ಇಲ್ಲವೇ? ಇದೆ, ಅದು ಬೇರೆ ಬಗೆ. ಅಲ್ಲಿ ಹೆಚ್ಚಾಗಿ ವರ್ಣತಂತುಗಳ ಸಂಖ್ಯೆ ಸರಿಯಾಗಿಯೇ ಇರುತ್ತದೆ, ಒಳಗಿನ ಒಂದು ಜೀನಿನಲ್ಲಿ, ಅಂದರೆ ಡಿಎನ್‌ಎಯಲ್ಲಿ ಬರೆದಿಟ್ಟ ಒಂದು ಸೂಚನೆಯಲ್ಲಿ, ಅಕ್ಷರ ತಪ್ಪಿರುತ್ತದೆ. ಕುಡಗೋಲು ಕಣ ರಕ್ತಹೀನತೆಯಲ್ಲಿ ತಪ್ಪಿರುವುದು ಒಂದೇ ಅಕ್ಷರ. ಅದರಿಂದ ಹಿಮೋಗ್ಲೋಬಿನ್ನಿನ ಒಂದು ಸರಪಳಿಯ ಆರನೇ ಕೊಂಡಿ ಬದಲಾಗುತ್ತದೆ, ದುಂಡಗಿರಬೇಕಾದ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುತ್ತದೆ. ಇಂಥ ಕಾಯಿಲೆಯಲ್ಲಿ ತಾಯಿ ತಂದೆ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದು, ಜತೆಗಿರುವ ಒಳ್ಳೆಯ ಪ್ರತಿಯ ಬಲದಿಂದ ಇಬ್ಬರೂ ಆರೋಗ್ಯವಾಗಿರುತ್ತಾರೆ. ಮಗುವಿಗೆ ಎರಡೂ ಕಡೆಯ ಕೆಟ್ಟ ಪ್ರತಿ ಸೇರಿದಾಗ ಕಾಯಿಲೆ, ಹಾಗೆ ಸೇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದ್ದರಿಂದ ಯಾರ ಕಡೆಯಿಂದ ಎಂದರೆ, ಎರಡೂ ಕಡೆಯಿಂದ.

ಇಲ್ಲಿ ಒಂದು ತಪ್ಪು ಲೆಕ್ಕವನ್ನು ಓದಿದವರೂ ಮಾಡುತ್ತಾರೆ. "ನಾಲ್ಕರಲ್ಲಿ ಒಂದು ಎಂದಿರಲ್ಲ ಡಾಕ್ಟ್ರೇ, ಮೊದಲನೆಯದಕ್ಕೆ ಬಂದಾಯ್ತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ತಾನೇ?" ಹಾಗಲ್ಲ. ಡಬ್ಬದಲ್ಲಿ ನಾಲ್ಕು ಚೀಟಿ ಇವೆ ಎಂದುಕೊಳ್ಳಿ. ಎತ್ತಿದ ಚೀಟಿಯನ್ನು ಮತ್ತೆ ಮಡಚಿ ಡಬ್ಬಕ್ಕೇ ಹಾಕಿ, ಕುಲುಕಿ, ಇನ್ನೊಮ್ಮೆ ಎತ್ತಬೇಕು. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದೇ. ಈ ಕುಡಗೋಲು ಕಣ ಕಾಯಿಲೆಗೆ ರೋಗಿಯ ಮೂಳೆಮಜ್ಜೆಯ ಕೋಶಗಳನ್ನು ಹೊರತೆಗೆದು ಜೀನ್ ತಿದ್ದಿ ಮರಳಿಸುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿಗೆ ಕೊಟ್ಟಿವೆ. ಖರ್ಚು ವಿಪರೀತ, ಚಿಕಿತ್ಸೆಯೂ ಸುಲಭದ್ದಲ್ಲ.

ಇನ್ನು ನನ್ನ ಕೆಲಸದ ಬಗ್ಗೆ. ನಾನು ಕಲಿತ ಕಾಲದಲ್ಲಿ ಇದು ಅರ್ಧ ವಿಜ್ಞಾನ, ಅರ್ಧ ಕತ್ತರಿ ಗೋಂದಿನ ಕೆಲಸ. ರಕ್ತದ ಬಿಳಿಕಣಗಳಿಗೆ ರಾಜ್ಮಾ ಜಾತಿಯ ಕಾಳಿನ ಸಾರ ಹಾಕಿ ಮೂರು ದಿನ ಬೆಚ್ಚಗಿಟ್ಟರೆ ಅವು ವಿಭಜನೆಗೆ ತೊಡಗುತ್ತವೆ. ಅಗ್ನಿಶಿಖೆಯ ಗೆಡ್ಡೆಯಲ್ಲೂ ಇರುವ ಕಾಲ್ಚಿಸಿನ್ ಎಂಬ ವಿಷ ಹಾಕಿ ಅದನ್ನು ನಡುವೆಯೇ ನಿಲ್ಲಿಸಬೇಕು. ಆಮೇಲೆ ಶೂ ಅವರ ಆ ತೆಳು ಉಪ್ಪುನೀರು. ಒದ್ದೆ ಸ್ಲೈಡನ್ನು ಓರೆಯಾಗಿ ಹಿಡಿದು ಮೇಲಿನಿಂದ ಒಂದು ಹನಿ ಬೀಳಿಸಬೇಕು. ಪಟ್ ಎಂದು ಬಿದ್ದು ಹರಡಿಕೊಳ್ಳುತ್ತದೆ. ಫೋಟೋ ತೊಳೆದು, ಒಂದೊಂದೇ ವರ್ಣತಂತುವನ್ನು ಕತ್ತರಿಸಿ, ಪಟ್ಟೆಗಳನ್ನು ತಾಳೆ ನೋಡಿ ಜೋಡಿ ಮಾಡಿ ಅಂಟಿಸುವುದು. ಯಾರಾದರೂ ಜೋರಾಗಿ ಸೀನಿದರೆ ಎಲ್ಲ ಹಾರಿ ನೆಲದ ಮೇಲೆ! ಈಗ ಕಂಪ್ಯೂಟರ್ ಪರದೆಯ ಮೇಲೆ ಆಗುತ್ತದೆ. ಸಂಖ್ಯೆಯ ವ್ಯತ್ಯಾಸವನ್ನಂತೂ ಬಸುರಿಯ ತೋಳಿನ ರಕ್ತದಿಂದಲೇ ಅಂದಾಜು ಮಾಡಬಹುದು. ಗರ್ಭದ ಡಿಎನ್‌ಎ ಚೂರುಗಳು ತಾಯಿಯ ರಕ್ತದಲ್ಲಿ ತೇಲುತ್ತವೆಂದು 1997ರಲ್ಲಿ ಡೆನ್ನಿಸ್ ಲೋ ತೋರಿಸಿಕೊಟ್ಟಿದ್ದರಿಂದ ಇದು ಸಾಧ್ಯವಾಯಿತು. ಆದರೆ ಅದು ಸೂಚನೆಯಷ್ಟೇ. ಖಚಿತಪಡಿಸಿಕೊಳ್ಳಲು ಇವತ್ತಿಗೂ ಗರ್ಭದ ಕೋಶಗಳನ್ನೇ ನೋಡಬೇಕು.

ಕತ್ತರಿ ಗೋಂದಿನ ಕಾಲದ್ದೇ ಒಂದು ಸಂಗತಿ. ಒಬ್ಬಾಕೆಗೆ ಮೂರು ಸಲ ಗರ್ಭ ನಿಂತಿರಲಿಲ್ಲ. ಗಂಡ, ಅತ್ತೆ ಜತೆಗೆ ಬಂದಿದ್ದರು. ಗಂಡ ಹೆಂಡತಿ ಇಬ್ಬರದೂ ರಕ್ತ ನೋಡಿದೆವು. ಆಕೆಯದು 46, ಎಲ್ಲ ಜೋಡಿಯೂ ಸರಿ. ಆತನದು 45.

ಒಂದು ಕಡಮೆ ಇದ್ದೂ ಆತ ಗಟ್ಟಿಮುಟ್ಟಾಗಿದ್ದ. ಏಕೆಂದರೆ ನಿಜವಾಗಿ ಬೇಕಾದದ್ದೇನೂ ಕಳೆದುಹೋಗಿರಲಿಲ್ಲ, 21ನೆಯದೊಂದು 14ನೆಯದರ ತಲೆಗೆ ಅಂಟಿಕೊಂಡು ಕೂತಿತ್ತು. ಅವನಿಗೆ ಅದರಿಂದ ತೊಂದರೆಯಿಲ್ಲ. ಮಕ್ಕಳಿಗೆ ಹಂಚುವಾಗ ಮಾತ್ರ ಪಾಲು ಹೆಚ್ಚುಕಡಿಮೆಯಾಗುತ್ತದೆ. ಡೌನ್ ಸಿಂಡ್ರೋಮ್‌ನಲ್ಲಿ ನೂರಕ್ಕೆ ಮೂರು ನಾಲ್ಕು ಮಾತ್ರ ಹೀಗೆ ಅಂಟಿಕೊಂಡದ್ದರಿಂದ ಬರುತ್ತವೆ. ಅಂಥ ಕಡೆ ತಾಯಿ ತಂದೆಯ ರಕ್ತವನ್ನೂ ನೋಡಲೇಬೇಕು.

ಆತ ಫೋಟೋ ಕೈಗೆ ತೆಗೆದುಕೊಂಡು ಪೆನ್ನಿನ ತುದಿಯಿಂದ ತಾನೇ ಎಣಿಸಿದ. ಮೊದಲ ಸಲ 46 ಬಂತು. "ಇನ್ನೊಮ್ಮೆ ಎಣಿಸಿ" ಎಂದೆ. ಎರಡನೇ ಸಲ 45. ಅತ್ತೆ ಅಷ್ಟು ಹೊತ್ತು ಸುಮ್ಮನಿದ್ದವರು ಮೆಲ್ಲಗೆ ಕೇಳಿದರು: "ಇವನಿಗೆ ಇದು ಯಾರ ಕಡೆಯಿಂದ ಬಂತು?"

"ಕೆಲವೊಮ್ಮೆ ಹೊಸದಾಗಿಯೂ ಆಗುತ್ತದಮ್ಮಾ. ಇಲ್ಲದಿದ್ದರೆ ನಿಮ್ಮಿಂದ, ಅಥವಾ ಇವರ ತಂದೆಯವರಿಂದ. ನೋಡಿದರೆ ಗೊತ್ತಾಗುತ್ತದೆ" ಎಂದೆ.

ಅವರು ಸೊಸೆಯ ಮುಖವನ್ನೊಮ್ಮೆ ನೋಡಿ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ತೋಳು ಮುಂದೆ ಚಾಚಿದರು.

ನಮಸ್ಕಾರ.