ಗುದ್ದಿದ್ದು ಅವರು, ಕ್ಲೇಮ್ ಮಾತ್ರ ನಮ್ಮ ಹೆಸರಲ್ಲಾ?

ನಮಸ್ಕಾರ. ಬೆಳಿಗ್ಗೆ ಸರ್ವಿಸ್‌ಗೆ ಬಿಟ್ಟ ಕಾರು. ಮಧ್ಯಾಹ್ನ ಅಡ್ವೈಸರ್ ಫೋನ್. "ಸರ್, ಓಡಿಸಿ ನೋಡೋಕೆ ಟ್ರಯಲ್ ಹೋದಾಗ ಗಾಡಿ ಸ್ವಲ್ಪ ಟಚ್ ಆಗಿದೆ. ಟೆನ್ಶನ್ ಮಾಡ್ಕೋಬೇಡಿ, ಇನ್ಶೂರೆನ್ಸ್‌ನಲ್ಲಿ ಮಾಡಿಸಿ ಕೊಡ್ತೀವಿ, ನಿಮ್ಮ ಕೈಯಿಂದ ಒಂದು ರೂಪಾಯಿ ಹೋಗಲ್ಲ."

ಇವತ್ತಿನ ಮಾತೆಲ್ಲ ಆ "ಇನ್ಶೂರೆನ್ಸ್" ಅನ್ನೋ ಪದದ ಮೇಲೇ. ಯಾರ ಇನ್ಶೂರೆನ್ಸ್? ಪ್ರೀಮಿಯಂ ಕಟ್ಟಿದ್ದು ನೀವು, ಗುದ್ದಿದ್ದು ಅವರ ಹುಡುಗ, ಕ್ಲೇಮ್ ಬೀಳೋದು ನಿಮ್ಮ ಪಾಲಿಸಿ ಮೇಲೆ. ಬಿಲ್ ಮಾಡೋದು ಯಾರು? ಅದೇ ವರ್ಕ್‌ಶಾಪ್. ತಾವೇ ಕೆಡಿಸಿದ ಗಾಡಿ ರಿಪೇರಿ ಮಾಡಿ ತಾವೇ ದುಡ್ಡು ಎಣಿಸ್ಕೊಳ್ತಾರೆ. ಇದನ್ನ ಪರಿಹಾರ ಅಂತ ಕರೆಯೋಕೆ ನಾವು ತಯಾರಿಲ್ಲ. ಕೆಡಿಸಿದವರು ತಮ್ಮ ಜೇಬಿನಿಂದ, ಇಲ್ಲಾ ತಮ್ಮ ಪಾಲಿಸಿಯಿಂದ ಕೊಡಬೇಕು. ಕೊಡಬೇಕಾದ್ದು ಬರೀ ರಿಪೇರಿ ಖರ್ಚಲ್ಲ, ಗಾಡಿ ಬೆಲೆ ಎಷ್ಟು ಕುಸೀತೋ ಅದನ್ನೂ ಸೇರಿಸಿ.

ಮೊದಲು "ಖರ್ಚಿಲ್ಲ" ಅನ್ನೋದನ್ನ ಲೆಕ್ಕ ಹಾಕೋಣ. ಐದು ವರ್ಷ ಒಂದೂ ಕ್ಲೇಮ್ ಮಾಡದೆ 50% ನೋ ಕ್ಲೇಮ್ ಬೋನಸ್ ಗಳಿಸಿದ್ದೀರಿ ಅಂತಿಟ್ಕೊಳ್ಳಿ. ಓನ್ ಡ್ಯಾಮೇಜ್ ಪ್ರೀಮಿಯಂ, ಅಂದ್ರೆ ನಿಮ್ಮದೇ ಗಾಡಿಯ ಹಾನಿಗೆ ಕಟ್ಟೋ ಭಾಗ, ₹10,000 ಇದ್ರೆ ವರ್ಷಕ್ಕೆ ₹5,000 ಉಳೀತಿತ್ತು. ಒಂದು ಕ್ಲೇಮ್ ಆಯ್ತು, ಬೋನಸ್ ಸೊನ್ನೆ. ಆಮೇಲೆ ಮತ್ತೆ 20, 25, 35, 45 ಅಂತ ಒಂದೊಂದೇ ಮೆಟ್ಟಿಲು ಹತ್ತಬೇಕು. ಹಳೇ 50ಕ್ಕೆ ಬರೋವರೆಗೆ ಐದು ರಿನ್ಯೂವಲ್‌ನಲ್ಲಿ ಕಳ್ಕೊಂಡಿದ್ದು ಒಟ್ಟು ₹12,500. ಝೀರೋ ಡೆಪ್ (ಪಾರ್ಟ್ ಹಳೇದು ಅಂತ ದುಡ್ಡು ಕಡಿತ ಮಾಡದ ಸೌಲಭ್ಯ) ಇಲ್ಲದ ಪಾಲಿಸಿ ಆದ್ರೆ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗ್ ಇವಕ್ಕೆಲ್ಲ ಅರ್ಧ ದುಡ್ಡು ಮಾತ್ರ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮ್‌ಗೂ ₹1,000, ಅದಕ್ಕಿಂತ ದೊಡ್ಡ ಇಂಜಿನ್‌ಗೆ ₹2,000 ಕಡ್ಡಾಯ ಕಡಿತ. ಜೊತೆಗೆ ನಾಳೆ ಗಾಡಿ ಮಾರೋವಾಗ "ಮೇಜರ್ ಕ್ಲೇಮ್ ಆಗಿದೆಯಲ್ಲ" ಅಂತ ದಲ್ಲಾಳಿ ಬೆಲೆ ಇಳಿಸ್ತಾನೆ. ಆ ಹೊತ್ತಿಗೆ ಅಡ್ವೈಸರ್ ಬೇರೆ ಕಂಪನಿಗೆ ಹೋಗಿರ್ತಾರೆ.

ಒಂದು ಎಚ್ಚರಿಕೆ. ಕ್ಲೇಮ್ ಮಾಡ್ಬೇಡಿ ಅಂದ್ರೆ ಕಂಪನಿಗೆ ತಿಳಿಸ್ಲೇಬೇಡಿ ಅಂತ ಅರ್ಥ ಅಲ್ಲ. ಅದೇ ದಿನ ನಿಮ್ಮ ಇನ್ಶೂರೆನ್ಸ್ ಕಂಪನಿಗೆ ಒಂದು ಇಮೇಲ್ ಹಾಕಿ: ಗಾಡಿ ವರ್ಕ್‌ಶಾಪ್ ವಶದಲ್ಲಿದ್ದಾಗ ಹೀಗಾಗಿದೆ, ಮಾಹಿತಿಗಾಗಿ ಮಾತ್ರ ತಿಳಿಸ್ತಿದ್ದೇನೆ, ಸದ್ಯಕ್ಕೆ ಕ್ಲೇಮ್ ಇಲ್ಲ ಅಂತ. ಯಾಕಂದ್ರೆ ಟ್ರಯಲ್‌ನಲ್ಲಿ ಬೈಕಿನವನಿಗೆ ಗುದ್ದಿದ್ರೆ, ಪರಿಹಾರದ ಕೇಸಲ್ಲಿ ಆರ್‌ಸಿ ಯಾರ ಹೆಸರಲ್ಲಿದೆಯೋ ಅವರಿಗೂ, ಅವರ ಇನ್ಶೂರೆನ್ಸ್ ಕಂಪನಿಗೂ ನೋಟಿಸ್ ಬರುತ್ತೆ.

ಈಗ ಕಾನೂನು. 1872ರ ಕರಾರು ಕಾಯ್ದೆ, ಅಂದ್ರೆ ಕಾಂಟ್ರಾಕ್ಟ್ ಆ್ಯಕ್ಟ್. ಕೀಲಿ ಅವರ ಕೈಗೆ ಕೊಟ್ಟ ಗಳಿಗೆಯಿಂದ ಅವರು ನಿಮ್ಮ ವಸ್ತು ಇಟ್ಕೊಂಡವರು. ಸೆಕ್ಷನ್ 151 ಹೇಳೋದು, ಸಾಮಾನ್ಯ ವಿವೇಕ ಇರೋ ಮನುಷ್ಯ ತನ್ನ ಸ್ವಂತ ವಸ್ತು ನೋಡ್ಕೊಳ್ಳೋ ಹಾಗೆ ಇದನ್ನೂ ನೋಡ್ಕೋಬೇಕು. ಚಿತ್ರದುರ್ಗದಿಂದ ದಾವಣಗೆರೆಗೆ ಪಿಕಪ್ ಮಾಡೋ ಡ್ರೈವರ್ ಬಂದು ಗಾಡಿ ತಗೊಂಡು ಹೋದ್ರೆ, ಹೈವೇ 48ರ ಆ ಅರವತ್ತು ಕಿಲೋಮೀಟರೂ ಅವರ ಜವಾಬ್ದಾರಿಯೇ, ವರ್ಕ್‌ಶಾಪ್ ಗೇಟಿನಿಂದ ಒಳಗೆ ಮಾತ್ರ ಅಲ್ಲ.

ಸೆಕ್ಷನ್ 154 ಇನ್ನೂ ಖಡಕ್. ಕೊಟ್ಟ ಕೆಲಸ ಬಿಟ್ಟು ಬೇರೆ ಉದ್ದೇಶಕ್ಕೆ ವಸ್ತು ಬಳಸಿದ್ರೆ, ಆ ಬಳಕೆಯಲ್ಲಿ ಆದ ಹಾನಿಗೆಲ್ಲ ಅವರೇ ಹೊಣೆ. "ಹುಷಾರಾಗೇ ಓಡಿಸ್ತಿದ್ದೆ" ಅನ್ನೋದು ಅಲ್ಲಿ ನಡೆಯಲ್ಲ. ಬ್ರೇಕ್ ನೋಡೋಕೆ ಮೂರರಿಂದ ಐದು ಕಿಲೋಮೀಟರ್ ಟ್ರಯಲ್ ಸಾಕು. ಗಾಡಿ ಇಪ್ಪತ್ತೈದು ಕಿಲೋಮೀಟರ್ ಓಡಿದೆ, ಮಧ್ಯೆ ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆ ಅರ್ಧ ಗಂಟೆ ನಿಂತಿದೆ ಅಂತ ಕಾರಿನ ಆ್ಯಪ್ ತೋರಿಸಿದ್ರೆ, ಅದು ಟ್ರಯಲ್ ಅಲ್ಲ. ಅದಕ್ಕೇ ಗಾಡಿ ಬಿಡೋವಾಗ ಜಾಬ್ ಕಾರ್ಡ್‌ನಲ್ಲಿ (ಗಾಡಿ ತಗೊಂಡಿದ್ದಕ್ಕೆ ವರ್ಕ್‌ಶಾಪ್ ಬರೆದುಕೊಡೋ ಚೀಟಿ) ಓಡೋಮೀಟರ್ ಬರೆಸಿ, ಫೋಟೋನೂ ತೆಗೀರಿ.

ಜಾಬ್ ಕಾರ್ಡ್ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ವಾಕ್ಯ ಇರುತ್ತೆ: ವಾಹನ ಮಾಲೀಕರ ಸ್ವಂತ ಜವಾಬ್ದಾರಿಯಲ್ಲಿ ಬಿಟ್ಟಿದ್ದು. ಅದನ್ನ ತೋರಿಸಿದ ಕೂಡ್ಲೆ ಹೆದರಬೇಡಿ. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಾಜ್ ಮಹಲ್ ಹೋಟೆಲ್ ಪ್ರಕರಣದಲ್ಲಿ ಇದನ್ನೇ ನೋಡಿದ್ದು. 1998ರಲ್ಲಿ ವ್ಯಾಲೆಗೆ, ಅಂದ್ರೆ ಗಾಡಿ ಪಾರ್ಕ್ ಮಾಡಿಕೊಡೋ ಹೋಟೆಲ್ ಸಿಬ್ಬಂದಿಗೆ, ಕೀಲಿ ಕೊಟ್ಟಿದ್ದ ಮಾರುತಿ ಝೆನ್ ಕಳುವಾಗಿತ್ತು, ಚೀಟಿಯಲ್ಲಿ "ಮಾಲೀಕರ ಜವಾಬ್ದಾರಿ" ಅಂತ ಇತ್ತು. ತಮ್ಮ ನಿರ್ಲಕ್ಷ್ಯಕ್ಕೆ ಆ ಚೀಟಿ ಗುರಾಣಿ ಆಗಲ್ಲ, ಎಚ್ಚರ ವಹಿಸಿದ್ದೀವಿ ಅಂತ ಮೊದಲು ತೋರಿಸಬೇಕಾದ್ದು ವಾಹನ ಇಟ್ಕೊಂಡವರು ಅಂತ ಕೋರ್ಟ್ ಹೇಳಿತು. ಅದು ಕಳುವಿನ ಕೇಸು, ಇದು ಗುದ್ದಿದ ಕೇಸು, ತತ್ವ ಒಂದೇ. ಆ ಕೇಸಲ್ಲಿ ಇನ್ಶೂರೆನ್ಸ್ ಕಂಪನಿ ಮೊದಲು ಮಾಲೀಕರಿಗೆ ₹2.8 ಲಕ್ಷ ಕೊಟ್ಟು, ಆಮೇಲೆ ಹೋಟೆಲ್ ಬೆನ್ನು ಹತ್ತಿತ್ತು. ನೀವು ಬೇರೆ ದಾರಿ ಇಲ್ಲದೆ ಕ್ಲೇಮ್ ಮಾಡ್ಲೇಬೇಕಾಗಿ ಬಂದ್ರೆ, ವರ್ಕ್‌ಶಾಪ್ ನಡೆಸೋ ಡೀಲರ್‌ನಿಂದ ವಸೂಲಿ ಮಾಡಿ ಅಂತ ನಿಮ್ಮ ಕಂಪನಿಗೂ ಬರೆದು ಕೊಡಬಹುದು ಅನ್ನೋದಕ್ಕೆ ಇದೇ ಆಧಾರ.

ನಿರ್ಲಕ್ಷ್ಯ ಅಂದ್ರೆ ಏನು? ವರ್ಕ್‌ಶಾಪ್‌ನಲ್ಲಿ ಗಾಡಿ ಕೆಡೋ ರೀತಿಗಳು ಕೆಲವೇ. ಬ್ರೇಕ್ ಪ್ಯಾಡ್ ಹಾಕೋವಾಗ ಪ್ಯಾಡ್ ಒತ್ತೋ ಕ್ಯಾಲಿಪರ್ ಪಿಸ್ಟನ್ ಹಿಂದೆ ತಳ್ತಾರೆ. ಅದಾದ ಮೇಲೆ ನಾಲ್ಕೈದು ಸಲ ಪೆಡಲ್ ಪಂಪ್ ಮಾಡದೆ ಗಾಡಿ ತೆಗೆದ್ರೆ, ಮೊದಲ ಸಲ ಒತ್ತಿದಾಗ ಪೆಡಲ್ ಸೀದಾ ನೆಲಕ್ಕೆ ಹೋಗುತ್ತೆ, ಎದುರಿಗೆ ಗೋಡೆ. ವಾಷಿಂಗ್ ಹುಡುಗ ಒದ್ದೆ ಚಪ್ಪಲಿಯಲ್ಲಿ ಆಟೋಮ್ಯಾಟಿಕ್ ಗಾಡಿ ತಿರುಗಿಸ್ತಾನೆ, ಕಾಲು ಜಾರಿ ಆಕ್ಸಿಲರೇಟರ್ ಮೇಲೆ. ಎಲೆಕ್ಟ್ರಿಕ್ ಗಾಡಿ ಆದ್ರೆ ಮೊದಲ ಮೀಟರ್‌ನಲ್ಲೇ ಪೂರ್ತಿ ಟಾರ್ಕ್. ಗಾಡಿ ಎತ್ತೋ ಟೂ ಪೋಸ್ಟ್ ಲಿಫ್ಟ್‌ನ ಕೈ ಜಾಕಿಂಗ್ ಪಾಯಿಂಟ್‌ಗೆ ಕೂರದಿದ್ರೆ ಬಾಗಿಲ ಕೆಳಗಿನ ಸಿಲ್ ಜಜ್ಜುತ್ತೆ, ಕೆಟ್ಟ ಗಳಿಗೆ ಆದ್ರೆ ಗಾಡಿನೇ ಬೀಳುತ್ತೆ. ಇವು ಯಾವುದೂ ವಿಧಿ ಅಲ್ಲ. ಹಾಗಾಗಿ ಆ ದಿನ ಗಾಡಿ ಮುಟ್ಟಿದವರು ಯಾರು, ಅವರಿಗೆ ಡ್ರೈವಿಂಗ್ ಲೈಸೆನ್ಸ್ ಇತ್ತಾ, ಗೇಟ್ ರಿಜಿಸ್ಟರ್‌ನಲ್ಲಿ ಟ್ರಯಲ್ ಸಮಯ ಏನಿದೆ ಅಂತ ಲಿಖಿತವಾಗಿ ಕೇಳಿ. ಸಿಸಿಟಿವಿ ದೃಶ್ಯ ಅಳಿಸದೆ ಇಡಿ ಅಂತ ಅದೇ ದಿನ ಇಮೇಲ್ ಹೋಗಬೇಕು. ಎಷ್ಟೋ ಕಡೆ ಹದಿನೈದು ದಿನ, ತಿಂಗಳು ಆಗೋದ್ರಲ್ಲಿ ಹಳೇದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತೆ.

ಇನ್ನು ಗಾಡಿ ಬಿಚ್ಚೋಕೆ ಬಿಡಬೇಡಿ. ಬಂಪರ್ ತೆಗೆದು ಒಳಗಿನದು ಬದಲಾಯಿಸಿಬಿಟ್ರೆ ಸಾಕ್ಷಿ ಸ್ಕ್ರ್ಯಾಪ್‌ಗೆ ಹೋದ ಹಾಗೆ. ಹಾನಿ ಅಳೆಯೋ, ಲೈಸೆನ್ಸ್ ಇರೋ ಸರ್ವೇಯರ್ ಒಬ್ಬರನ್ನ ನಿಮ್ಮ ಕಡೆಯಿಂದ ಕರೆಸಿ, ಅವರ ಎದುರಿಗೇ ಬಿಚ್ಚಲಿ. ಫೀಸ್ ನಿಮ್ಮದೇ, ಆಮೇಲೆ ಪರಿಹಾರದಲ್ಲಿ ಸೇರಿಸಿ ಕೇಳಿ. ಸರ್ವೇಯರ್ ನೋಡಬೇಕಾದ್ದು ಮೂರು ಮಟ್ಟ: ಪೇಂಟ್, ಬಂಪರ್, ಲೈಟ್‌ನಷ್ಟಕ್ಕೇ ನಿಂತಿದೆಯಾ? ಗಾಡಿಯ ಅಸ್ಥಿಪಂಜರ, ಅಂದ್ರೆ ಏಪ್ರನ್, ಚಾಸಿ ಲೆಗ್, ಪಿಲ್ಲರ್, ರೇಡಿಯೇಟರ್ ಸಪೋರ್ಟ್ ಸೊಟ್ಟಗಾಗಿದೆಯಾ? ಏರ್‌ಬ್ಯಾಗ್ ಬಿಚ್ಚಿಕೊಂಡಿದೆಯಾ?

ನ್ಯಾಯ ಯಾವುದು ಅನ್ನೋದು ಈ ಉತ್ತರದ ಮೇಲೆ ನಿಂತಿದೆ. ಬಂಪರ್ ಗೀರಿದ್ದಕ್ಕೆ ಹೊಸ ಕಾರು ಕೇಳೋರೂ ಇದ್ದಾರೆ. ಅದು ಅತಿ ಆಯ್ತು. ಮೊದಲ ಮಟ್ಟದ್ದಾದ್ರೆ ಒರಿಜಿನಲ್ ಪಾರ್ಟ್, ಸರಿಯಾದ ಪೇಂಟ್, ಅಷ್ಟು ದಿನಕ್ಕೆ ಬದಲಿ ಗಾಡಿ. ಅಲ್ಲಿಗೆ ಮುಗೀತು.

ಏಪ್ರನ್ ಸೊಟ್ಟಗಾಗಿದ್ರೆ, ಏರ್‌ಬ್ಯಾಗ್ ತೆರೆದಿದ್ರೆ ಲೆಕ್ಕವೇ ಬೇರೆ. ಕಂಪನಿ ರೋಬೋಟ್ ಹಾಕಿದ ಸ್ಪಾಟ್ ವೆಲ್ಡ್ ಕಿತ್ತು ಮತ್ತೆ ಬೆಸೆದ ಗಾಡಿ, ಎಷ್ಟೇ ಚೆನ್ನಾಗಿ ಮಾಡಿದ್ರೂ, ಕೊಳ್ಳೋನ ಕಣ್ಣಲ್ಲಿ ಆಕ್ಸಿಡೆಂಟ್ ಗಾಡಿ. ಇಲ್ಲಿ ರಿಪೇರಿ ಜೊತೆಗೆ ಬೆಲೆ ಕುಸಿತ ಕೇಳ್ಲೇಬೇಕು. ಅದನ್ನ ಬಾಯಲ್ಲಿ ಹೇಳಿದ್ರೆ ಯಾರೂ ಒಪ್ಪಲ್ಲ. ಅದೇ ಮಾಡೆಲ್, ಅದೇ ವರ್ಷ, ಹೆಚ್ಚುಕಮ್ಮಿ ಅಷ್ಟೇ ಕಿಲೋಮೀಟರ್ ಓಡಿದ, ಗುದ್ದಿರದ ಗಾಡಿಗೆ ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳಿಂದ ಎರಡು ಲಿಖಿತ ಕೊಟೇಶನ್ ತಗೊಳ್ಳಿ. ರಿಪೇರಿ ಆದ ನಿಮ್ಮ ಗಾಡಿಗೆ, ವಿಷಯ ಮುಚ್ಚಿಡದೆ, ಎರಡು ಕೊಟೇಶನ್. ನಡುವಿನ ಅಂತರವೇ ನಿಮ್ಮ ನಷ್ಟ. ಅದರ ಮೇಲೆ ಗಾಡಿ ಇಲ್ಲದ ದಿನಗಳು: 40 ದಿನ, ದಿನಕ್ಕೆ ಬಾಡಿಗೆ ₹1,500 ಅಂದ್ರೂ ₹60,000. ಬಾಡಿಗೆ ಬಿಲ್ ಇಟ್ಕೊಳ್ಳಿ.

ಹೊಸ ಗಾಡಿ ಆಗಿದ್ರೆ? ಎಂಟು ತಿಂಗಳ ಕಾರು, ಶೋರೂಂ ಬೆಲೆ ₹9 ಲಕ್ಷ. ಕರ್ನಾಟಕದ ಜೀವಾವಧಿ ತೆರಿಗೆ ಸೆಸ್ ಸೇರಿ ಸುಮಾರು ₹1.4 ಲಕ್ಷ ಬೇರೆ. ಮೊದಲ ಪಾಲಿಸಿಯ ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) 5% ಕಳೆದು ₹8.55 ಲಕ್ಷ, ಅದರಲ್ಲಿ ರಿಜಿಸ್ಟ್ರೇಶನ್, ಇನ್ಶೂರೆನ್ಸ್ ಖರ್ಚು ಸೇರಲ್ಲ. ರಿಪೇರಿ ಖರ್ಚು ಐಡಿವಿಯ 75%, ಅಂದ್ರೆ ₹6,41,250 ದಾಟಿದ್ರೆ ಮಾತ್ರ ಟೋಟಲ್ ಲಾಸ್, ಅಂದ್ರೆ ಗಾಡಿ ಪೂರ್ತಿ ಹೋಯ್ತು ಅಂತ ಲೆಕ್ಕ. ₹5 ಲಕ್ಷದ ಎಸ್ಟಿಮೇಟ್ ಬಂದ್ರೂ "ರಿಪೇರಿ ಆಗುತ್ತೆ" ಅಂತಲೇ ಬರೀತಾರೆ. ಇನ್ಶೂರೆನ್ಸ್‌ನ ಈ ಗೆರೆಯನ್ನ ಡೀಲರ್ ತನ್ನ ಹೊಣೆಗೂ ಗೆರೆ ಮಾಡ್ಕೊಳ್ಳೋದು ನಮಗೆ ಒಪ್ಪಿಗೆ ಇಲ್ಲ. 75% ಅನ್ನೋದು ನಿಮಗೂ ವಿಮಾ ಕಂಪನಿಗೂ ನಡುವಿನ ಕರಾರು. ಗುದ್ದಿದವನಿಗೂ ಅದಕ್ಕೂ ಏನು ಸಂಬಂಧ? ಚಾಸಿ ಸೊಟ್ಟಗಾದ ಎಂಟು ತಿಂಗಳ ಗಾಡಿನ ಡೀಲರ್ ಆನ್‌ರೋಡ್ ಬೆಲೆಗೆ ವಾಪಸ್ ತಗೋಬೇಕು, ಎಂಟು ತಿಂಗಳು ಓಡಿಸಿದ್ದಕ್ಕೆ ಹದವಾಗಿ ಕಳೀಲಿ. ಹೀಗೇ ಮಾಡಬೇಕು ಅಂತ ಕಾಯ್ದೆಯಲ್ಲಿ ನೇರವಾಗಿ ಬರೆದಿಲ್ಲ, ಆದ್ರೆ ಕೇಳೋಕೆ ಯಾವ ಅಡ್ಡಿಯೂ ಇಲ್ಲ. ಡೆಲಿವರಿಗೂ ಮುಂಚೆ, ರಿಜಿಸ್ಟ್ರೇಶನ್ ಆಗದೆ ಸ್ಟಾಕ್‌ಯಾರ್ಡ್‌ನಲ್ಲೇ ಗುದ್ದಿದ್ರೆ ಚರ್ಚೆಯೇ ಬೇಡ: ಆ ಚಾಸಿ ನಂಬರ್ ಬೇಡ ಅಂತ ಬರೆದುಕೊಡಿ, ಬ್ಯಾಂಕಿಗೂ ಒಂದು ಪ್ರತಿ.

ಡೀಲರ್‌ಗೆ ದುಡ್ಡು ಎಲ್ಲಿಂದ? ಮೋಟಾರ್ ಟ್ರೇಡ್ ಪಾಲಿಸಿ ಅಂತ ಇದೆ. ವರ್ಕ್‌ಶಾಪ್ ಒಳಗಿನ ಅಪಾಯಕ್ಕೆ ಒಂದು, ರಸ್ತೆ ಮೇಲಿನದಕ್ಕೆ ಇನ್ನೊಂದು. "ನಿಮ್ಮ ಮೋಟಾರ್ ಟ್ರೇಡ್ ಪಾಲಿಸಿ ನಂಬರ್ ಕೊಡಿ" ಅಂತ ಕೇಳಿದ್ರೆ ಮ್ಯಾನೇಜರ್ ಮಾತಿನ ಧಾಟಿ ಬದಲಾಗುತ್ತೆ. ಪಾಲಿಸಿ ತಗೊಂಡಿಲ್ಲ ಅಂದ್ರೆ ಅದು ಅವರು ಉಳಿಸಿದ ದುಡ್ಡು, ನಿಮ್ಮ ತಲೆನೋವಲ್ಲ. "ಹುಡುಗನ ಸಂಬಳದಲ್ಲಿ ಹಿಡೀತೀವಿ ಸರ್, ಪಾಪದ ಹುಡುಗ" ಅಂತ ಕರುಳು ಹಿಂಡೋ ಮಾತೂ ಬರುತ್ತೆ. ಅದಕ್ಕೆ ಸೊಪ್ಪು ಹಾಕಬೇಡಿ. ನಿಮ್ಮ ವ್ಯವಹಾರ ಸಂಸ್ಥೆ ಜೊತೆ. ಪೆಡಲ್ ಪಂಪ್ ಮಾಡೋದು ಕಲಿಸದೆ ಆ ಹುಡುಗನ ಕೈಗೆ ಕೀಲಿ ಕೊಟ್ಟಿದ್ದೂ ಸಂಸ್ಥೆಯೇ.

ಕೊಡದಿದ್ರೆ ಸ್ಪೀಡ್ ಪೋಸ್ಟ್‌ನಲ್ಲಿ ಹದಿನೈದು ದಿನದ ನೋಟಿಸ್, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಹಾಕಬಹುದು. ದಾವಣಗೆರೆ ಡೀಲರ್ ಮೇಲೆ ಚಳ್ಳಕೆರೆಯವರು ಚಿತ್ರದುರ್ಗದ ಆಯೋಗದಲ್ಲೇ ಕೇಸ್ ಹಾಕ್ಬೋದು, ಅಲೆದಾಟ ಇಲ್ಲ. ಪಾವತಿಸಿದ ಮೊತ್ತ ₹5 ಲಕ್ಷದವರೆಗೆ ಇದ್ರೆ ಶುಲ್ಕವೂ ಇಲ್ಲ. ಗಡುವು ಎರಡು ವರ್ಷ. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಎಷ್ಟೋ ಸಲ ಅಲ್ಲೇ ಮಾತುಕತೆ ಶುರುವಾಗುತ್ತೆ. ಸ್ವಂತ ಹೊಟ್ಟೆಪಾಡಿಗೆ ತಾನೇ ಓಡಿಸೋ ಟ್ಯಾಕ್ಸಿಯವರೂ ಗ್ರಾಹಕರೇ. ಕಾರು ಕಂಪನಿಯನ್ನೂ ಪಾರ್ಟಿ ಮಾಡಬೇಕಾ? ಮಾಡಿ, ಆದ್ರೆ ಹೆಚ್ಚು ಆಸೆ ಇಟ್ಕೋಬೇಡಿ. ಡೀಲರ್ ಮಾಡಿದ ತಪ್ಪಿಗೆ, ತನಗೆ ಗೊತ್ತಿಲ್ಲದಿದ್ದಾಗ, ತಯಾರಕರು ಹೊಣೆ ಅಲ್ಲ ಅಂತ 2021ರಲ್ಲಿ ಟಾಟಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೊನೇದಾಗಿ, ರಿಪೇರಿ ಆದ ಗಾಡಿ ತಗೊಳ್ಳೋ ದಿನ. ಸಂಜೆ ಲೈಟ್ ಹಾಕಿದ ಮೇಲೆ ಹೋಗಬೇಡಿ, ಬಿಸಿಲಲ್ಲಿ ಹೋಗಿ. ಪೇಂಟಿನ ದಪ್ಪ ಅಳೆಯೋ ಪೇಂಟ್ ಗೇಜ್ ಇಟ್ಟು ನೋಡಿ: ಕಂಪನಿ ಪೇಂಟ್ ಸಾಮಾನ್ಯವಾಗಿ ನೂರು, ನೂರೈವತ್ತು ಮೈಕ್ರಾನ್ ಆಸುಪಾಸು, ಐನೂರು ದಾಟಿದ್ರೆ ಅಡಿಯಲ್ಲಿ ತಗ್ಗು ತುಂಬೋ ಪುಟ್ಟಿ ಇದೆ. ವೀಲ್ ಅಲೈನ್‌ಮೆಂಟ್‌ನ ಮುಂಚಿನ, ಆಮೇಲಿನ ಎರಡೂ ಪ್ರಿಂಟ್ ಕೇಳಿ, ಚಕ್ರದ ಕೋನಗಳಲ್ಲಿ ಬರೀ ಟೋ ಅಲ್ಲ, ಕ್ಯಾಂಬರ್, ಕ್ಯಾಸ್ಟರ್ ಕೂಡ ಎಡ-ಬಲ ಹೊಂದಬೇಕು. ಇಗ್ನಿಶನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲ ಸೆಕೆಂಡ್ ಹತ್ತಿ ಆರಬೇಕು. ಹತ್ತೇ ಇಲ್ಲ ಅಂದ್ರೆ ದೀಪಾನೇ ಕಿತ್ತಿರಬಹುದು. ಸರಿಯಾಗಿ ಹತ್ತಿ ಆರಿದ್ರೂ ಸಾಲದು, ಬ್ಯಾಗ್ ಬದಲು ರೆಸಿಸ್ಟರ್ ಸಿಕ್ಕಿಸಿ ಮಾಡ್ಯೂಲ್‌ಗೆ (ಏರ್‌ಬ್ಯಾಗ್ ನಿಯಂತ್ರಿಸೋ ಡಬ್ಬಿ) ಮೋಸ ಮಾಡೋರಿದ್ದಾರೆ. ಏರ್‌ಬ್ಯಾಗ್, ಮಾಡ್ಯೂಲ್, ಗುದ್ದಿದಾಗ ಸೀಟ್ ಬೆಲ್ಟ್ ಬಿಗಿಯೋ ಪ್ರಿಟೆನ್ಶನರ್ ಮೂರರ ಪಾರ್ಟ್ ನಂಬರ್ ಇರೋ ಬಿಲ್ ಪ್ರತಿ ಇಸ್ಕೊಳ್ಳಿ. ಬದಲಾಯಿಸಿದ ಪಾರ್ಟ್‌ಗೆ, ವೆಲ್ಡ್ ಜಾಗದ ತುಕ್ಕಿಗೆ ವಾರಂಟಿ ಬರಹದಲ್ಲಿರಲಿ. ಆಮೇಲೆ ಒಂದು ಹಾಳೆ ಮುಂದಿಡ್ತಾರೆ, "ಪೂರ್ಣ ತೃಪ್ತಿಯಿಂದ ಪಡೆದಿದ್ದೇನೆ" ಅಂತ. ಆ ಸಾಲು ಹೊಡೆದು ಹಾಕಿ, "ಬೆಲೆ ಕುಸಿತ ಮತ್ತು ಇತರ ಪರಿಹಾರದ ಹಕ್ಕು ಉಳಿಸಿಕೊಂಡು, ಪ್ರತಿಭಟನೆಯೊಂದಿಗೆ ವಾಹನ ಪಡೆದಿದ್ದೇನೆ" ಅಂತ ಬರೆದು, ದಿನಾಂಕ, ಓಡೋಮೀಟರ್ ಹಾಕಿ ಸಹಿ ಮಾಡಿ. ಕೀಲಿ ತಗೊಳ್ಳೋಕೆ ಮುಂಚೆ ಆ ಹಾಳೆಯ ಫೋಟೋ ತೆಗೀರಿ.