ಚಾಪ್‌ಸ್ಟಿಕ್ ಎಲ್ಲಿ ನಿಂತಿತು, ಎಲ್ಲಿ ನಿಲ್ಲಲಿಲ್ಲ

ಎಲ್ಲರಿಗೂ ನಮಸ್ಕಾರ.

ಚಾಪ್‌ಸ್ಟಿಕ್ ಹಿಡಿಯುವುದು ಹೇಗೆ ಎಂದು ಕಲಿಸಲು ನಾನು ಬಂದಿಲ್ಲ. ಅದಕ್ಕೆ ಯೂಟ್ಯೂಬ್ ಇದೆ. ಚೀನಾದ ಈ ಎರಡು ಕಡ್ಡಿಗಳನ್ನು ಬೇರೆ ದೇಶದವರು ಯಾಕೆ ಮೆಚ್ಚಿಕೊಂಡರು, ಎಷ್ಟರ ಮಟ್ಟಿಗೆ ಮೆಚ್ಚಿಕೊಂಡರು ಅನ್ನುವುದು ನನ್ನ ವಿಷಯ.

ಹೆನಾನ್ ಪ್ರಾಂತ್ಯದ ಅನ್ಯಾಂಗ್ ಹತ್ತಿರ ಮೂರು ಸಾವಿರ ವರ್ಷಕ್ಕೂ ಹಳೆಯ ಕಂಚಿನ ಕಡ್ಡಿಗಳು ಸಿಕ್ಕಿವೆ. ಅವು ಊಟಕ್ಕಲ್ಲ, ಅಡುಗೆಗೆ ಬಳಸುತ್ತಿದ್ದವು ಎಂದು ತಿಳಿದವರು ಹೇಳುತ್ತಾರೆ. ಕುದಿಯುವ ಪಾತ್ರೆಯಿಂದ ತುಂಡು ಎತ್ತಲು ಕೈ ಹಾಕೋಕಾಗುತ್ತಾ? ಊಟದ ಜಾಗಕ್ಕೆ ಅವು ಚೆನ್ನಾಗಿ ಕಾಲಿಟ್ಟದ್ದು ಹಾನ್ ರಾಜರ ಕಾಲದಲ್ಲಿ, ಅಂದರೆ ಸುಮಾರು ಎರಡು ಸಾವಿರ ವರ್ಷದ ಹಿಂದೆ. ಆಗಲೂ ಉತ್ತರ ಚೀನಾದವರ ಮುಖ್ಯ ಆಹಾರ ನಮಗೆ ಗೊತ್ತಿರುವ ನವಣೆಯಂಥ ಸಿರಿಧಾನ್ಯ. ಅದನ್ನು ಚಮಚದಲ್ಲೇ ತಿನ್ನುತ್ತಿದ್ದರು. ಗೋಧಿ ಹಿಟ್ಟಿನ ನೂಡಲ್ಸ್, ಆಮೇಲೆ ಅಂಟಂಟಾದ ಅನ್ನ ಜಾಸ್ತಿಯಾದಂತೆ ಚಮಚ ಹಿಂದೆ ಸರಿಯಿತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಚಾಪ್‌ಸ್ಟಿಕ್ ಅರ್ಧ ಉಪಕರಣ ಅಷ್ಟೇ. ಉಳಿದರ್ಧ ಅಡುಗೆಮನೆಯ ಚಾಕು. ಮಾಂಸ, ತರಕಾರಿ ಎಲ್ಲ ಒಂದೊಂದು ತುತ್ತಿನ ಗಾತ್ರಕ್ಕೆ ಒಲೆಯ ಹತ್ತಿರವೇ ತುಂಡಾಗಿರುತ್ತವೆ. ಸಣ್ಣ ತುಂಡು ಬೇಗ ಬೇಯುತ್ತದೆ, ಸೌದೆಯೂ ಉಳಿಯುತ್ತದೆ. ಊಟಕ್ಕೆ ಕೂತವರಿಗೆ ಕೊಯ್ಯುವ ಕೆಲಸವೇ ಇಲ್ಲ. ಹಾಗಾಗಿ ಕಡ್ಡಿ ಒಂಟಿಯಾಗಿ ಪ್ರಯಾಣ ಮಾಡುವುದಿಲ್ಲ, ಅಡುಗೆಯ ಬೆನ್ನು ಹಿಡಿದು ಹೋಗುತ್ತದೆ.

ನೆರೆಯವರು ಅದನ್ನು ಹಾಗೇ ತೆಗೆದುಕೊಳ್ಳಲೂ ಇಲ್ಲ. ಚೀನಾದಲ್ಲಿ ಪದಾರ್ಥಗಳನ್ನು ಮೇಜಿನ ನಡುವೆ ಇಟ್ಟು ಎಲ್ಲರೂ ತೆಗೆದುಕೊಳ್ಳುತ್ತಾರೆ, ಅದಕ್ಕೆ ಕಡ್ಡಿ ಉದ್ದ, ತುದಿ ಮೊಂಡು. ಜಪಾನಿನಲ್ಲಿ ಗಿಡ್ಡ, ತುದಿ ಚೂಪು. ಮೀನಿನ ಮುಳ್ಳು ಬಿಡಿಸಲು ಅನುಕೂಲ. ಕೊರಿಯಾದವರದು ಲೋಹದ್ದು, ಚಪ್ಪಟೆ, ಜೊತೆಗೆ ಚಮಚ ಬೇಕೇ ಬೇಕು. ಥಾಯ್ಲೆಂಡಿನವರದು ನನಗೆ ಬಹಳ ಇಷ್ಟವಾದ ಲೆಕ್ಕ: ನೂಡಲ್ಸ್‌ಗೆ ಕಡ್ಡಿ, ಅನ್ನಕ್ಕೆ ಚಮಚ ಮತ್ತು ಫೋರ್ಕ್. ಸುಮ್ನೆ ಶೋಕಿಗೆ ಯಾರೂ ಕಡ್ಡಿ ಹಿಡಿಯುವುದಿಲ್ಲ. ನಮ್ಮಲ್ಲೂ ಅದು ನೂಡಲ್ಸ್ ಬಟ್ಟಲು ದಾಟಿ ಬಂದಿಲ್ಲ. ಅನ್ನ ಸಾರಿಗೆ ಕಡ್ಡಿ ಏನು ಮಾಡೀತು? ಗೋಬಿ ಮಂಚೂರಿಯನ್ನಂತೂ ನಾವು ಟೂತ್‌ಪಿಕ್‌ನಲ್ಲಿ ಚುಚ್ಚಿ ತಿನ್ನುತ್ತೇವೆ. ಚೀನೀಯರ ಮೇಜಿನಲ್ಲಿ ಕಡ್ಡಿಯಿಂದ ಚುಚ್ಚುವುದು ಒರಟುತನ!

ಯುರೋಪಿನವರ ಮೆಚ್ಚುಗೆ ನಾವು ಅಂದುಕೊಂಡಷ್ಟು ಹೊಸದಲ್ಲ. 1583ರಲ್ಲಿ ಚೀನಾಕ್ಕೆ ಬಂದ ಇಟಲಿಯ ಪಾದ್ರಿ ಮತ್ತೆಯೋ ರಿಚ್ಚಿ, ಚೀನೀಯರು ಊಟವನ್ನು ಕೈಯಿಂದ ಮುಟ್ಟುವುದೇ ಇಲ್ಲ ಎಂದು ಬರೆದಿಟ್ಟರು. ಆಗ ಯುರೋಪಿನಲ್ಲಿ ಫೋರ್ಕ್ ಇನ್ನೂ ಎಲ್ಲರ ಮನೆ ಸೇರಿರಲಿಲ್ಲ, ಬಹಳ ಜನ ಬೆರಳಲ್ಲೇ ಉಣ್ಣುತ್ತಿದ್ದರು. ಅಮೆರಿಕದ ಕಥೆಗೆ ತಿರುವು ಕೊಟ್ಟದ್ದು 1972ರ ಫೆಬ್ರವರಿ. ಅಧ್ಯಕ್ಷ ನಿಕ್ಸನ್ ಮೊದಲೇ ಅಭ್ಯಾಸ ಮಾಡಿಕೊಂಡು ಹೋಗಿ, ಬೀಜಿಂಗ್ ಔತಣದಲ್ಲಿ ಚೀನಾದ ಪ್ರಧಾನಿ ಝೌ ಎನ್‌ಲಾಯ್ ಪಕ್ಕ ಕೂತು ಕಡ್ಡಿಯಲ್ಲಿ ತಿಂದರು. ಅಮೆರಿಕದ ಜನ ಟಿವಿಯಲ್ಲಿ ನೋಡಿದರು. ಚೀನೀ ಹೋಟೆಲುಗಳಿಗೆ ನುಗ್ಗಿದರು.

ಎಲ್ಲವೂ ಮೆಚ್ಚುಗೆಯಲ್ಲ, ಬಿಡಿ. 2018ರಲ್ಲಿ ಇಟಲಿಯ ಫ್ಯಾಷನ್ ಕಂಪನಿ ಡೋಲ್ಚೆ ಆ್ಯಂಡ್ ಗಬ್ಬಾನಾ, ಚೀನೀ ಹುಡುಗಿಯೊಬ್ಬಳು ಕಡ್ಡಿಯಲ್ಲಿ ಪಿಜ್ಜಾ ತಿನ್ನಲು ಒದ್ದಾಡುವ ಜಾಹೀರಾತು ಮಾಡಿತು. ಸಿಟ್ಟು ಎಷ್ಟೆದ್ದಿತೆಂದರೆ ಶಾಂಘೈ ಫ್ಯಾಷನ್ ಶೋ ರದ್ದಾಯಿತು, ಮಾಲೀಕರು ಕ್ಷಮೆ ಕೇಳಿದರು. ಪಿಜ್ಜಾ ತಿನ್ನಲು ಕಡ್ಡಿ ಕೊಟ್ಟವರೇ ಕಡ್ಡಿಯನ್ನು ನೋಡಿ ನಕ್ಕರೆ ಹೇಗೆ?

ಗೌರವ ಕೊಡುವವರು ರೀತಿ ರಿವಾಜನ್ನೂ ಕಲಿಯುತ್ತಾರೆ. ಅನ್ನದಲ್ಲಿ ಕಡ್ಡಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಅದು ಸತ್ತವರ ಮುಂದೆ ಹಚ್ಚುವ ಊದುಬತ್ತಿಯಂತೆ ಕಾಣುತ್ತದೆ. ಬಟ್ಟಲು ಬಡಿಯಬಾರದು, ಹಾಗೆ ಮಾಡುತ್ತಿದ್ದವರು ಭಿಕ್ಷುಕರು.

ಈಗಿನ ಹುಡುಗರ ಬಳಕೆ ನೋಡಿ. ಕಂಪ್ಯೂಟರ್ ಆಟ ಆಡುತ್ತಾ ಚಿಪ್ಸ್ ಅನ್ನು ಕಡ್ಡಿಯಲ್ಲಿ ತಿನ್ನುತ್ತಾರೆ, ಕೀಬೋರ್ಡಿಗೆ ಎಣ್ಣೆ ತಾಗಬಾರದಲ್ವಾ! ಪಾಶ್ಚಾತ್ಯ ಅಡುಗೆಯವರಲ್ಲೂ ಕೆಲವರು ಕರಿದದ್ದನ್ನು ಎತ್ತಲು, ಮೊಟ್ಟೆ ಕಲಕಲು ಇದನ್ನೇ ಇಟ್ಟುಕೊಂಡಿದ್ದಾರೆ. ನನ್ನ ಪ್ರಕಾರ ನಿಕ್ಸನ್ ಔತಣಕ್ಕಿಂತ ಇದೇ ದೊಡ್ಡ ಮೆಚ್ಚುಗೆ. ಇಲ್ಲಿ ಚೀನೀ ಅಡುಗೆಯೂ ಇಲ್ಲ, ಮೆಚ್ಚಿಸಬೇಕಾದ ಅತಿಥೇಯರೂ ಇಲ್ಲ. ಕೆಲಸಕ್ಕೆ ಬರುತ್ತದೆ ಅಂತ ಹಿಡಿದಿದ್ದಾರೆ.

ಕಲಿಯುವ ಆಸೆ ಇದ್ದವರು ಬಿದಿರಿನ ಕಡ್ಡಿಯಿಂದ ಶುರು ಮಾಡಿ. ಲೋಹದ್ದು ಜಾರುತ್ತದೆ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.