ಕೊನೆಯ ಹತ್ತು ಮೀಟರು

ನಮಸ್ಕಾರ. ಇಂಗ್ಲೆಂಡಿನಲ್ಲಿ ಕೂತು ಕನ್ನಡ ಬಾನುಲಿ ಕೇಳುತ್ತಿರುವ ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವ ಸಮಯ ಕಮ್ಮಿ, ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ.

ಭಾನುವಾರ ಬಿಸಿಲು ಬಿದ್ದರೆ ನೀವೇನು ಮಾಡುತ್ತೀರಿ ಅಂತ ನನಗೆ ಗೊತ್ತು. ಮಕ್ಕಳನ್ನು ಕಾರಿಗೆ ಹತ್ತಿಸಿ ಯಾವುದಾದರೂ ಹಳೇ ಎಸ್ಟೇಟಿಗೆ, ಅಂದರೆ ಹಿಂದಿನ ಶ್ರೀಮಂತರ ಬಂಗಲೆ ನೋಡಲು ಹೋಗುತ್ತೀರಿ. ಬಾಗಿಲಲ್ಲಿ ಟಿಕೆಟ್, ಒಳಗೆ ಸಾಲಾಗಿ ಚಿನ್ನದ ಚೌಕಟ್ಟಿನ ಚಿತ್ರಗಳು, ಕೂರಬಾರದು ಅಂತ ಹಗ್ಗ ಕಟ್ಟಿದ ಕುರ್ಚಿಗಳು, ಆಮೇಲೆ ಹಿಂದೆ ಕುದುರೆ ಲಾಯ ಆಗಿದ್ದ ಜಾಗದಲ್ಲಿ ಒಂದು ಟೀ, ಆಮೇಲೆ ಮನೆ. ಮಕ್ಕಳು ಮುಖ ಊದಿಸಿಕೊಂಡಿರುತ್ತಾರೆ. ಆ ಬಂಗಲೆಯ ಸುತ್ತ ಎಕರೆಗಟ್ಟಲೆ ಹುಲ್ಲು, ಕಾಡು, ಕೆರೆ ಇರುತ್ತದೆ, ಅತ್ತ ಯಾರೂ ತಲೆ ಹಾಕುವುದಿಲ್ಲ. ಅತ್ತ ನಿಮ್ಮನ್ನು ಎಳೆದುಕೊಂಡು ಹೋಗುವ ಆಟ ಜಿಯೋಕ್ಯಾಶಿಂಗ್.

ಕ್ಯಾಶ್ ಅಂದ ತಕ್ಷಣ ಜೇಬು ಮುಟ್ಟಿ ನೋಡಿಕೊಳ್ಳಬೇಡಿ. ಇಲ್ಲಿ ಕ್ಯಾಶ್ ಅಂದರೆ ಬಚ್ಚಿಟ್ಟ ಡಬ್ಬಿ. ಒಬ್ಬರು ಡಬ್ಬಿ ಬಚ್ಚಿಟ್ಟು, ಅದಿರುವ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ನೀವು ಫೋನ್ ಹಿಡಿದು ಹುಡುಕಬೇಕು. ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದ ಹಾಗೇ ಇಟ್ಟು ಬರಬೇಕು. ಅಷ್ಟೇ. 2000ನೇ ಇಸವಿಯ ಮೇ ತಿಂಗಳ ತನಕ ಅಮೆರಿಕ ಸರ್ಕಾರ ಉಪಗ್ರಹದಿಂದ ಜಾಗ ತಿಳಿಸುವ ಜಿಪಿಎಸ್ಸಿನಲ್ಲಿ ಜನಸಾಮಾನ್ಯರಿಗೆ ಬೇಕೆಂದೇ ತಪ್ಪು ಸೇರಿಸುತ್ತಿತ್ತು, ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. ಅದನ್ನು ನಿಲ್ಲಿಸಿದ್ದೇ ತಡ, ಮೇ 3ಕ್ಕೆ ಡೇವ್ ಅಲ್ಮರ್ ಅನ್ನುವವರು ಒರೆಗಾನ್ ರಾಜ್ಯದ ಕಾಡಿನಂಚಿನಲ್ಲಿ ಒಂದು ಬಕೆಟ್ ಬಚ್ಚಿಟ್ಟು ಜಾಗ ತಿಳಿಸಿಬಿಟ್ಟರು. ಅದರಲ್ಲಿ ಒಂದು ಡಬ್ಬಿ ಬೀನ್ಸ್ ಕೂಡ ಇತ್ತು! ಈಗ ತಿನ್ನುವ ವಸ್ತು ಇಡುವ ಹಾಗಿಲ್ಲ, ಪ್ರಾಣಿಗಳು ಡಬ್ಬಿ ಕಚ್ಚಿ ಹಾಕುತ್ತವೆ.

ಈಗ ನಾನು ಹೇಳಬೇಕು ಅಂತ ಬಂದಿರುವ ಒಂದೇ ಮಾತು. ಕೊನೆಯ ಹತ್ತು ಮೀಟರಿಗೆ ಫೋನ್ ಜೇಬಿಗೆ ಹಾಕಿ. ಬಯಲಿನಲ್ಲಿ ಫೋನು ಸುಮಾರು ಐದು ಮೀಟರ್ ತನಕ ಸರಿ ಹೇಳುತ್ತದೆ, ಮರದ ಕೆಳಗೆ ಅದೂ ಇಲ್ಲ, ಎಲೆ ಕೊಂಬೆಗಳಿಗೆ ತಾಗಿ ಬರುವ ಸಿಗ್ನಲ್ ನಂಬಿ ಫೋನಿನಲ್ಲಿ ದಾರಿ ತೋರಿಸುವ ಬಾಣ ಗಿರಗಿರ ತಿರುಗುತ್ತದೆ. ಜನ ಆ ಬಾಣದ ಹಿಂದೆ ತಾವೂ ತಿರುಗುತ್ತಾರೆ. ನಾನೂ ತಿರುಗಿದ್ದೇನೆ, ಅದನ್ನು ಹೇಳಲೇಬೇಕು.

ಎಸ್ಟೇಟಿನ ಹೆಸರು ಹೇಳುವುದಿಲ್ಲ, ಹೇಳಿದರೆ ಡಬ್ಬಿಯ ಜಾಗ ಬಿಟ್ಟುಕೊಟ್ಟ ಹಾಗೆ. ಆಗ ನಾನು ಈ ಆಟಕ್ಕೆ ಹೊಸಬ. ಹೆಂಡತಿ, ಎಂಟು ವರ್ಷದ ಮಗಳು ಜೊತೆಗೆ. ಬಂಗಲೆಯ ಮುಂದಿನ ಹುಲ್ಲು ದಾಟಿ ದೊಡ್ಡ ಲೈಮ್ ಮರಗಳ (ನಿಂಬೆ ಅಲ್ಲ, ಅದು ಬೇರೆ ಮರ) ಹತ್ತಿರ ಬಂದರೆ ಫೋನು ನಾಲ್ಕು ಮೀಟರ್ ಅಂದಿತು. ಸುತ್ತ ಮುಟ್ಟಿದರೆ ಉರಿಯುವ ನೆಟಲ್ ಗಿಡ. ಒಂದು ಹೆಜ್ಜೆ ಇಟ್ಟೆ, ಒಂಬತ್ತು ಮೀಟರ್. ಹಿಂದಕ್ಕೆ ಬಂದೆ, ಆರು. ಬಚ್ಚಿಟ್ಟವರು ಸುಳಿವು ಅಂತ ಒಂದು ಸಾಲು ಕೊಟ್ಟಿರುತ್ತಾರಲ್ಲ, ಅದನ್ನು ತೆಗೆದು ನೋಡಿದೆ. ಅದರಲ್ಲಿ ಇದ್ದದ್ದು ಎರಡೇ ಶಬ್ದ: "ಹಾ ಹಾ".

ನನಗೆ ಮೈಯೆಲ್ಲ ಉರಿಯಿತು. ಗಿಡದಿಂದಲೂ ಉರಿಯುತ್ತಿತ್ತು, ಅದು ಬೇರೆ. ಮುಕ್ಕಾಲು ಗಂಟೆ ಹುಡುಕಿದ್ದೇನೆ, ಇವನು ನನ್ನನ್ನು ನೋಡಿ ನಗುತ್ತಿದ್ದಾನಲ್ಲ ಅಂತ. ಹೆಂಡತಿ ಬೆಂಚಿನ ಮೇಲೆ ಕೂತು, "ರೀ, ಟೀ ಅಂಗಡಿ ಮುಚ್ಚುವ ಹೊತ್ತಾಯಿತು" ಅಂತ ಮೂರನೇ ಸಲ ಹೇಳಿದಳು. ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಒಬ್ಬರು ಹಿರಿಯರು ಬಂದರು. ಏನಾದರೂ ಕಳೆದುಹೋಯಿತಾ ಅಂತ ಕೇಳಿದರು. ಆಟದ ಗುಟ್ಟು ಹೊರಗಿನವರಿಗೆ ಬಿಡಬಾರದು ಅಂತ ಓದಿದ್ದೆ, ಅದಕ್ಕೆ ಬಾಯಿಗೆ ಬಂದದ್ದು ಹೇಳಿದೆ. "ಕನ್ನಡಕ ಬಿದ್ದುಹೋಗಿದೆ." ಪುಣ್ಯಾತ್ಮರು ನಾಯಿಯನ್ನು ಬೆಂಚಿಗೆ ಕಟ್ಟಿ, ಮಂಡಿಯೂರಿ ನನ್ನ ಜೊತೆ ಹುಡುಕಲು ಶುರು ಮಾಡಿದರು! ಐದು ನಿಮಿಷ ಆದ ಮೇಲೆ ತಲೆ ಎತ್ತಿ, ಬಹಳ ಮರ್ಯಾದೆಯಿಂದ, "ಮೂಗಿನ ಮೇಲೆ ಇರುವುದು ಇನ್ನೊಂದಾ?" ಅಂತ ಕೇಳಿದರು.

ಇನ್ನೇನು ಮಾಡುವುದು, ನಿಜ ಹೇಳಿದೆ. ಸುಳಿವು ತೋರಿಸಿದೆ. ಅವರು ನಕ್ಕ ನಗು ಈಗಲೂ ಕಿವಿಯಲ್ಲಿದೆ. "ಅದು ನಗು ಅಲ್ಲಪ್ಪ, ಇಲ್ಲಿ ಬಾ" ಅಂತ ಹತ್ತು ಹೆಜ್ಜೆ ಕರೆದುಕೊಂಡು ಹೋದರು. ನಾನು ಹುಲ್ಲು ಒಂದೇ ಸಮ ಹೋಗಿ ದನ ಮೇಯುವ ಬಯಲು ಸೇರುತ್ತದೆ ಅಂದುಕೊಂಡಿದ್ದೆ. ನಡುವೆ ಕಂದಕ ಇತ್ತು! ಬಂಗಲೆ ಕಡೆಗೆ ನೆಟ್ಟಗೆ ಕಲ್ಲಿನ ಗೋಡೆ, ಆಚೆ ಕಡೆ ಇಳಿಜಾರು. ದನ ಇಳಿಯುತ್ತದೆ, ಈಚೆ ಹತ್ತಲಾರದು. ಬಂಗಲೆಯ ಕಿಟಕಿಯಿಂದ ನೋಡಿದರೆ ಬೇಲಿಯೇ ಇಲ್ಲ, ದನ ಅಂಗಳದಲ್ಲೇ ಮೇಯುತ್ತಿರುವ ಹಾಗೆ ಕಾಣುತ್ತದೆ. ಇದರ ಹೆಸರೇ ಹಾ-ಹಾ. ಏಕಾಏಕಿ ಎದುರಾದಾಗ ಜನರ ಬಾಯಿಂದ ಬರುವ ಉದ್ಗಾರದಿಂದ ಆ ಹೆಸರು ಬಂತು ಅನ್ನುತ್ತಾರೆ. ಹದಿನೆಂಟನೇ ಶತಮಾನದ ಶ್ರೀಮಂತರಿಗೆ ಇದರ ಹುಚ್ಚು ಹಿಡಿದಿತ್ತು.

ನೋಡಿ, ಈ ಎಸ್ಟೇಟುಗಳೆಲ್ಲ ಕಣ್ಣಿಗೆ ಮಣ್ಣೆರಚಲು ಕಟ್ಟಿದವು. ಕೇಪಬಿಲಿಟಿ ಬ್ರೌನ್ ಅಂತ ಕರೆಸಿಕೊಂಡ ತೋಟಗಾರ, 1716ರಿಂದ 1783ರವರೆಗೆ ಇದ್ದವನು, ಅವನ ಕೆಲಸವೇ ಅದು. ಬ್ಲೆನಿಮ್ ಅರಮನೆಯ ಕೆರೆ ನೋಡಿದ್ದೀರಲ್ಲ, ದೇವರೇ ಮಾಡಿಟ್ಟ ಹಾಗಿದೆ. ಗ್ಲೈಮ್ ಅನ್ನುವ ಸಣ್ಣ ನದಿಗೆ ಅಡ್ಡ ಕಟ್ಟಿ ಇವನು ಮಾಡಿದ ಕೆರೆ ಅದು. ಮಾಡಿದ್ದು ಯಾವುದು, ತಾನಾಗಿ ಆದದ್ದು ಯಾವುದು ಅಂತ ನೋಡುವುದನ್ನು ಕಲಿತರೆ ಡಬ್ಬಿಯೂ ಸಿಗುತ್ತದೆ, ಎಸ್ಟೇಟೂ ಅರ್ಥ ಆಗುತ್ತದೆ. ಫೋನು ಇದನ್ನು ಹೇಳಿಕೊಡುವುದಿಲ್ಲ.

ಡಬ್ಬಿ ಸಿಕ್ಕಿದ್ದು ಮಗಳಿಗೆ. ಅವಳ ಹತ್ತಿರ ಫೋನ್ ಇರಲಿಲ್ಲ, ಅದಕ್ಕೇ ಸಿಕ್ಕಿತು. ಹಾ-ಹಾ ಮುಗಿಯುವ ತುದಿಯಲ್ಲಿ ಒಂದು ಮರದ ಬುಡ ತೋರಿಸಿ, "ಅಪ್ಪಾ, ಕಡ್ಡಿಗಳು ಯಾಕೆ ಸಾಲಾಗಿ ಮಲಗಿವೆ?" ಅಂದಳು. ಮರದಿಂದ ಉದುರುವ ಕಡ್ಡಿ ಅಡ್ಡಾದಿಡ್ಡಿ ಬೀಳುತ್ತದೆ, ಅಲ್ವಾ? ಒಂದರ ಪಕ್ಕ ಒಂದು ನೀಟಾಗಿ ಜೋಡಿಸಿದ್ದರೆ ಅದು ಮನುಷ್ಯರ ಕೆಲಸ. ಕೆಳಗೆ ಡಬ್ಬಿ. ಫೋನು ತೋರಿಸಿದ ಜಾಗಕ್ಕೂ ಇದಕ್ಕೂ ಹದಿನೈದು ಹೆಜ್ಜೆ. ಒಳಗಿದ್ದ ಆಟಿಕೆ ಡೈನೋಸಾರ್ ತೆಗೆದುಕೊಂಡು ಅವಳ ಹೇರ್ ಕ್ಲಿಪ್ ಇಟ್ಟಳು. ಏನಾದರೂ ತೆಗೆದರೆ ಅಷ್ಟೇ ಬೆಲೆಯದ್ದು ಇಡಬೇಕು, ಅದು ಪದ್ಧತಿ. ಹಿರಿಯರೂ ಪುಸ್ತಕದಲ್ಲಿ ಸಹಿ ಹಾಕಿದರು, ನಾಯಿಯ ಹೆಸರನ್ನೂ ಸೇರಿಸಿದರು.

ಅಯ್ಯೋ, ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನೀವೇ ಡಬ್ಬಿ ಇಡುವುದಾದರೆ ಎಸ್ಟೇಟಿನವರ ಒಪ್ಪಿಗೆ ಬೇಕು, ಸುಮ್ನೆ ಹೋಗಿ ಇಡಬಾರದು. ನೆಲ ಅಗೆದು ಹೂಳಬಾರದು. ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರ ಇರಬೇಕು. ಹಳೇ ಕಲ್ಲಿನ ಗೋಡೆಯ ಸಂದಿಗೆ ಕೈ ಹಾಕಬೇಡಿ, ಕಲ್ಲು ಕೀಳಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಜನ ಕೀಳುತ್ತಾರೆ, ನನಗೆ ರೇಗುತ್ತದೆ. ಗೇಟು ತೆಗೆದರೆ ಮುಚ್ಚಿ. ಹಕ್ಕಿ ಗೂಡು ಕಟ್ಟುವ ಕಾಲದಲ್ಲಿ ಪೊದೆ ಕೆದಕಬೇಡಿ. ಡಬ್ಬಿಯ ಮುಚ್ಚಳ ಸರಿಯಾಗಿ ಒತ್ತಿ, ಇಲ್ಲದಿದ್ದರೆ ಮಳೆಗೆ ಪುಸ್ತಕ ಮುದ್ದೆ.

ಹತ್ತು ಮೀಟರ್ ಬಂತಾ, ಫೋನ್ ಜೇಬಿಗೆ. ಆಮೇಲೆ ಒಂದು ಪೆನ್ನು ಇಟ್ಟುಕೊಂಡು ಹೋಗಿ, ಡಬ್ಬಿಯೊಳಗಿನ ಪೆನ್ಸಿಲ್ಲಿನ ಮೊನೆ ಯಾವಾಗಲೂ ಮುರಿದಿರುತ್ತದೆ. ನಮಸ್ಕಾರ.